ಜಪಾನಿನಿಂದ ತರಿಸಿದ ಹಡಗಿನ ಕಿಟ್‌ಗೆ ಅದರ ಬೆಲೆಗಿಂತ ಜಾಸ್ತಿ ಸುಂಕ: ಕಟ್ಟಬೇಕಾ, ಕೇಳಬೇಕಾ?

ಕೋಡಿಬಾಗ_ಹಡಗು (ಕಾರವಾರ)

ಎಲ್ಲರಿಗೂ ನಮಸ್ಕಾರ. ನಾನು ಪ್ಲಾಸ್ಟಿಕ್ ಹಡಗಿನ ಮಾದರಿಗಳನ್ನು ಕಟ್ಟುತ್ತೇನೆ. ಟ್ಯಾಗೋರ್ ಕಡಲತೀರದ ಚಪಲ್ ನೌಕೆಯನ್ನು ನೋಡಿಕೊಂಡೇ ಓಡಾಡುವ ಊರು ನಮ್ಮದು, ಈ ಹುಚ್ಚು ಹಿಡಿದವರು ಇಲ್ಲಿ ಇನ್ನೂ ಕೆಲವರಿದ್ದಾರೆ. ಈ ಸಲ ಜಪಾನಿನ ಅಂಗಡಿಯೊಂದರಿಂದ 1/350 ಅಳತೆಯ ಯುದ್ಧನೌಕೆ ಕಿಟ್ ತರಿಸಿದೆ. ಕಿಟ್‌ಗೆ ನಮ್ಮ ದುಡ್ಡಿನಲ್ಲಿ 6,000 ರೂಪಾಯಿ. ವಿಮಾನದ ಸಾಗಣೆ 2,400.

ಪಾರ್ಸೆಲ್ ಮುಂಬೈಗೆ ಬಂದು ನಿಂತಿದೆ. ಸುಂಕ, ತೆರಿಗೆ, ತಮ್ಮ ಶುಲ್ಕ ಎಲ್ಲ ಸೇರಿಸಿ ಕೊರಿಯರ್‌ನವರು ಕೇಳುತ್ತಿರುವ ಮೊತ್ತ ಕಿಟ್‌ನ ಬೆಲೆಯನ್ನೇ ದಾಟಿದೆ. ಬಿಡಿ ಲೆಕ್ಕ ಕೊಟ್ಟಿಲ್ಲ, ದುಡ್ಡು ಕಟ್ಟುವ ಲಿಂಕ್ ಮಾತ್ರ ಕಳಿಸಿದ್ದಾರೆ. ಇದು ಸರಿಯಾದ ಲೆಕ್ಕವಾ? ಕಟ್ಟದೆ ಬಿಟ್ಟರೆ ಏನಾಗುತ್ತದೆ? ಅಂಗಡಿಯವರು ‘ಗಿಫ್ಟ್ ಅಂತ ಬರೆಯಲಾ’ ಎಂದು ಮೊದಲೇ ಕೇಳಿದ್ದರು. ನಾನು ಬೇಡ ಅಂದಿದ್ದೆ. ಬರೆಸಿದ್ದರೆ ಉಳಿಯುತ್ತಿತ್ತಾ?

ಹೊನ್ನಾವರ_ಹಾಯಿ

ಮೊದಲು ಆ ಲಿಂಕ್ ವಿಷಯ. ಮೆಸೇಜ್‌ನಲ್ಲಿ ಬಂದದ್ದನ್ನು ಒತ್ತಬೇಡಿ. ಕಸ್ಟಮ್ಸ್ ಹೆಸರಿನಲ್ಲಿ ಸುಳ್ಳು ಮೆಸೇಜ್ ಕಳಿಸಿ ದುಡ್ಡು ಕೀಳುವವರು ಬೇಕಾದಷ್ಟು ಇದ್ದಾರೆ. ಕೊರಿಯರ್‌ನವರ ಸ್ವಂತ ಸೈಟ್‌ಗೆ ಹೋಗಿ, ಟ್ರ್ಯಾಕಿಂಗ್ ನಂಬರ್ ಹಾಕಿ, ಅಲ್ಲೂ ಅದೇ ಮೊತ್ತ ಕಾಣುತ್ತದಾ ನೋಡಿ.

ಗಿಫ್ಟ್ ಬೇಡ ಅಂದದ್ದು ಒಳ್ಳೆಯದಾಯಿತು. 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಅಂಚೆ ಅಥವಾ ಕೊರಿಯರ್‌ನಲ್ಲಿ ಗಿಫ್ಟ್ ಎಂದು ಹೇಳಿ ವಸ್ತು ಬಿಡಿಸಿಕೊಳ್ಳುವುದನ್ನು ಅಂದಿನಿಂದ ನಿಷೇಧಿಸಿದ್ದಾರೆ. ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಇಂಟರ್ನೆಟ್‌ನಲ್ಲಿ ಇನ್ನೂ ‘ಇಷ್ಟು ರೂಪಾಯಿವರೆಗೆ ಗಿಫ್ಟ್ ಫ್ರೀ’ ಅಂತ ಹಳೆಯ ಸಲಹೆಗಳು ಓಡಾಡುತ್ತಿವೆ. ನಂಬಬೇಡಿ. ಬೆಲೆ ಕಡಿಮೆ ಬರೆಸುವುದೂ ಅಷ್ಟೇ. ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ವಸ್ತು ಮುಟ್ಟುಗೋಲಾಗಬಹುದು, ದಂಡವೂ ಬೀಳಬಹುದು. ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ ಆ ಬರೆಸಿದ ಬೆಲೆಗಿಂತ ಹೆಚ್ಚಿನ ಪರಿಹಾರ ಕೇಳುವುದಕ್ಕೂ ಆಗುವುದಿಲ್ಲ.

ಈಗ ಮುಖ್ಯ ಮಾತು. ಕೊರಿಯರ್‌ನವರಿಗೆ ಇಮೇಲ್ ಮಾಡಿ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ. ಅದು ವಸ್ತುವಿನ ಬೆಲೆ, ಸುಂಕದ ಲೆಕ್ಕ ತೋರಿಸಿ ಕಸ್ಟಮ್ಸ್‌ಗೆ ನಿಮ್ಮ ಹೆಸರಿನಲ್ಲಿ ಸಲ್ಲಿಸುವ ಕಾಗದ, ಕೇಳುವ ಹಕ್ಕು ನಿಮಗಿದೆ. ಕೈಗೆ ಬಂದ ಮೇಲೆ ಎರಡು ಕಡೆ ಕಣ್ಣು ಹಾಯಿಸಿ: ವಸ್ತುವನ್ನು ಸುಂಕದ ಪಟ್ಟಿಯ ಯಾವ ಶೀರ್ಷಿಕೆಯಲ್ಲಿ (ವರ್ಗದಲ್ಲಿ) ಹಾಕಿದ್ದಾರೆ, ಸಾಗಣೆಗೆ ಎಷ್ಟು ಹಿಡಿದಿದ್ದಾರೆ. ಸಂಗ್ರಹಕಾರರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡು ಜಾಗದಲ್ಲೇ.

ಕಿಟ್‌ಗಳಿಗೆ 9503 ಎಂಬ ಶೀರ್ಷಿಕೆ ಹಾಕುತ್ತಾರೆ. ಅದು ಆಟಿಕೆಗಳದ್ದು. ಅಳತೆಗೆ ತಕ್ಕಂತೆ ಚಿಕ್ಕದು ಮಾಡಿದ ಮಾದರಿಗಳೂ ಅದೇ ಶೀರ್ಷಿಕೆಯಲ್ಲಿವೆ, ಹಾಗಾಗಿ ಹಾಕಿದವರದ್ದು ಪೂರ್ತಿ ಸುಳ್ಳು ಅನ್ನಲಾಗದು. ತೊಂದರೆ ಇರುವುದು ದರದಲ್ಲಿ. ಆಟಿಕೆಯ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ ಏರಿಸಿದರು, 2023ರಲ್ಲಿ 70ಕ್ಕೆ. ದೇಶದ ಆಟಿಕೆ ಉದ್ಯಮವನ್ನು ಉಳಿಸಲು ಮಾಡಿದ ಏರಿಕೆ ಅದು. ಹಡಗು ಅಂಟಿಸುವ ನಮ್ಮಂಥವರೂ ಅದರಡಿ ಸಿಕ್ಕಿಕೊಂಡಿದ್ದೇವೆ.

ಇನ್ನೊಂದು ಶೀರ್ಷಿಕೆ ಇದೆ, 9804. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ಬರುವ ವಸ್ತುಗಳಿಗೆ ಅದು. ಅಲ್ಲಿಯ ದರವನ್ನು 2026ರ ಬಜೆಟ್‌ನಲ್ಲಿ ಶೇ 20ರಿಂದ 10ಕ್ಕೆ ಇಳಿಸಿದ್ದಾರೆ. ಒಂದೇ ಡಬ್ಬ. ಒಂದು ಸಾಲಿನಲ್ಲಿ 70, ಇನ್ನೊಂದರಲ್ಲಿ 10. ಒಬ್ಬ ವ್ಯಕ್ತಿ ಒಂದೇ ಕಿಟ್ ತನಗಾಗಿ ತರಿಸಿದ್ದರೆ 9804 ಕೇಳುವುದರಲ್ಲಿ ಏನೂ ತಪ್ಪಿಲ್ಲ. ಒಪ್ಪುವುದು ಬಿಡುವುದು ಅಧಿಕಾರಿಯ ತೀರ್ಮಾನ. ಆದರೆ ಕೇಳದೆ ಯಾರೂ ತಾವಾಗಿ ಬದಲಿಸುವುದಿಲ್ಲ.

ಸಾಗಣೆಯ ಲೆಕ್ಕ ತುಂಬಾ ಜನರಿಗೆ ಗೊತ್ತಿಲ್ಲ. ಸುಂಕ ಬೀಳುವುದು ವಸ್ತುವಿನ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ಆದರೆ ವಿಮಾನದಲ್ಲಿ ಬಂದ ವಸ್ತುವಿಗೆ ಸಾಗಣೆಯನ್ನು ಬೆಲೆಯ ಶೇ 20ಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. 2007ರ ಮೌಲ್ಯಮಾಪನ ನಿಯಮಗಳಲ್ಲಿ 10ನೇ ನಿಯಮ ಓದಿ. ನೀವು 2,400 ಕೊಟ್ಟಿದ್ದರೂ ಲೆಕ್ಕಕ್ಕೆ ಬರಬೇಕಾದ್ದು 1,200 ಮಾತ್ರ. ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಬೆಲೆಯ ಶೇ 1.125 ಹಿಡಿಯುತ್ತಾರೆ, ಅಂದರೆ 67 ರೂಪಾಯಿ 50 ಪೈಸೆ. ಒಟ್ಟು 7,267 ರೂಪಾಯಿ 50 ಪೈಸೆ.

ಇದರ ಶೇ 10 ಅಂದರೆ ಸುಮಾರು 727 ರೂಪಾಯಿ. ಶೇ 70 ಅಂದರೆ 5,087. ಸಾಗಣೆ ಪೂರ್ತಿ ಹಿಡಿದು ಶೇ 70 ಹಾಕಿದರೆ 5,927. ಇದು ಬರೀ ಮೂಲ ಸುಂಕ. ಇದನ್ನು ಆ ಒಟ್ಟು ಮೊತ್ತಕ್ಕೆ ಕೂಡಿಸಿ, ಬಂದದ್ದರ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) ಹಾಕುತ್ತಾರೆ. ಮೂಲ ಸುಂಕ ಏರಿದರೆ ಅದೂ ಏರುತ್ತದೆ. ನಿಮಗೆ ಬಂದ ಮೊತ್ತ ನೋಡಿದರೆ ಎರಡೂ ಕಡೆ ಜಾಸ್ತಿ ಹಿಡಿದಿರಬೇಕು ಅನ್ನಿಸುತ್ತದೆ. ಬಿಲ್ ನೋಡಿದ ಮೇಲೆ ಖಚಿತವಾಗುತ್ತದೆ. ಇನ್ನೊಂದು, ಯೆನ್‌ನ ದರ ಗೂಗಲ್‌ನದ್ದಲ್ಲ. ಕಸ್ಟಮ್ಸ್‌ಗೆಂದೇ ಪ್ರಕಟಿಸುವ ವಿನಿಮಯ ದರ ಇದೆ, ಅದನ್ನೇ ಹಿಡಿಯಬೇಕು.

ದುಡ್ಡು ಕಟ್ಟುವ ಮುಂಚೆಯೇ ತಿದ್ದುಪಡಿ ಕೇಳಿ, ಅದೇ ಸುಲಭ. ಬಿಲ್ ತಿದ್ದಲು ಕಾಯ್ದೆಯ 149ನೇ ಕಲಮಿನಲ್ಲಿ ಅವಕಾಶ ಇದೆ. ಕಟ್ಟಿ ಬಿಡಿಸಿಕೊಂಡ ಮೇಲೆ ಜಗಳ ಮಾಡಬೇಕಾದರೆ ಆದೇಶ ಸಿಕ್ಕ 60 ದಿನದೊಳಗೆ ಕಮಿಷನರ್ ಅಪೀಲ್ಸ್ ಅವರಿಗೆ ಮೇಲ್ಮನವಿ. ನಾನು ಕಸ್ಟಮ್ಸ್ ಏಜೆಂಟ್ ಒಬ್ಬರ ಹತ್ತಿರ ಕೆಲಸ ಮಾಡಿದವನು. ಆರು ಸಾವಿರದ ಕಿಟ್‌ಗೆ ಮೇಲ್ಮನವಿಯ ದಾರಿ ಹಿಡಿಯಿರಿ ಅಂತ ಹೇಳಲಾರೆ. ಮೊದಲ ಇಮೇಲ್‌ನಲ್ಲೇ ಸರಿಯಾಗಿ ಬರೆಯಿರಿ.

ಕಟ್ಟದೆ ಬಿಟ್ಟರೆ ಪಾರ್ಸೆಲ್ ಗೋದಾಮಿನಲ್ಲಿ ಕೂರುತ್ತದೆ, ಬಾಡಿಗೆ ಏರುತ್ತದೆ. ವಾಪಸ್ ಹೋದರೆ ಆ ಖರ್ಚನ್ನು ಅಂಗಡಿಯವರು ನಿಮಗೆ ಬರಬೇಕಾದ ದುಡ್ಡಿನಲ್ಲೇ ಮುರಿದುಕೊಳ್ಳಬಹುದು. ಅದು ಬೇಡ.

ಯಲ್ಲಾಪುರ_ರೈಲು

ಹಾಯಿಯವರ ಮಾತಿಗೆ ಒಂದು ಸೇರಿಸುತ್ತೇನೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾಗಿದೆ. ಆ ಆದೇಶ ಇರುವುದು 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುಗಳಿಗೆ. ಎಷ್ಟೋ ಕಿಟ್‌ಗಳ ಡಬ್ಬದ ಮೇಲೆ ‘14ಕ್ಕೆ ಮೇಲ್ಪಟ್ಟವರಿಗೆ’ ಅಂತ ಅಚ್ಚಾಗಿರುತ್ತದೆ. ಇದು ಮಕ್ಕಳ ಆಟಿಕೆಯಲ್ಲ ಎಂದು ತೋರಿಸಲು ಆ ಬದಿಯ ಫೋಟೋವನ್ನು ಇಮೇಲ್‌ಗೆ ಲಗತ್ತಿಸಿ, ಅಂಗಡಿಯವರ ಸೈಟ್‌ನಲ್ಲೇ ಚಿತ್ರ ಸಿಗುತ್ತದೆ. ಮುಂದಿನ ಸಲ ಇನ್‌ವಾಯ್ಸ್‌ನಲ್ಲಿ ‘ಟಾಯ್’ ಅಂತ ಬರೆಯಬೇಡಿ, ‘ದೊಡ್ಡವರು ಜೋಡಿಸುವ ಪ್ಲಾಸ್ಟಿಕ್ ಮಾದರಿ ಕಿಟ್, ಸ್ವಂತ ಬಳಕೆಗೆ, ಒಂದು’ ಅಂತ ಬರೆಯಿರಿ ಎಂದು ಮೊದಲೇ ಹೇಳಿಬಿಡಿ. ಅದು ನಿಜವೇ ತಾನೆ.

ಮತ್ತೆ, ಬ್ರಿಟನ್ ಅಂಗಡಿಗಳ ಬೆಲೆಯಲ್ಲಿ ಶೇ 20, ಜರ್ಮನಿಯದರಲ್ಲಿ 19, ಜಪಾನಿನದರಲ್ಲಿ 10 ಅಲ್ಲಿಯ ತೆರಿಗೆ ಸೇರಿರುತ್ತದೆ. ಹೊರದೇಶಕ್ಕೆ ಕಳಿಸುವಾಗ ಅದನ್ನು ತೆಗೆಯುವ ಅಂಗಡಿಗಳಿವೆ. ವಿಳಾಸದಲ್ಲಿ ಭಾರತ ಎಂದು ಹಾಕಿದ ಮೇಲೂ ಬೆಲೆ ಇಳಿಯದಿದ್ದರೆ ಕೇಳಿ. ಇಲ್ಲದಿದ್ದರೆ ಎರಡೂ ದೇಶಕ್ಕೆ ತೆರಿಗೆ ಕಟ್ಟಿದ ಹಾಗೆ.

ಶಿರಸಿ_ಅಂಚೆಚೀಟಿ

ನಾನು ಕಿಟ್‌ನವನಲ್ಲ, ಹಳೆಯ ಅಂಚೆಚೀಟಿ ಮತ್ತು ನಾಣ್ಯ ತರಿಸುತ್ತೇನೆ. ನಮ್ಮದಕ್ಕೆ ಸುಂಕದ ಪಟ್ಟಿಯಲ್ಲಿ ಬೇರೆಯದೇ ಅಧ್ಯಾಯ, 97. ಕಲಾಕೃತಿ, ಅಂಚೆಚೀಟಿ, ಸಂಗ್ರಹದ ನಾಣ್ಯ, 100 ವರ್ಷ ದಾಟಿದ ಪ್ರಾಚೀನ ವಸ್ತು ಎಲ್ಲ ಅಲ್ಲಿ ಬರುತ್ತವೆ. ಕಳಿಸುವವರು ಸುಮ್ನೆ ‘ಹಾಬಿ ಐಟಂ’ ಅಂತ ಬರೆದರೆ ಪಾರ್ಸೆಲ್ ನಿಲ್ಲುತ್ತದೆ, ಬಿಚ್ಚುತ್ತಾರೆ. ಏನು ವಸ್ತು, ಎಷ್ಟು, ಯಾವ ಕಾಲದ್ದು ಎಂದು ಬಿಡಿಸಿ ಬರೆಯಿಸಿ, ಇನ್‌ವಾಯ್ಸ್ ಹೊರಗಿನ ಪ್ಲಾಸ್ಟಿಕ್ ಚೀಲದಲ್ಲಿ ಇರಿಸಲು ಹೇಳಿ.

ಅವಸರ ಇಲ್ಲದಿದ್ದರೆ ನಾನು ಅಂಚೆಯನ್ನೇ ಆರಿಸಿಕೊಳ್ಳುತ್ತೇನೆ. ಸುಂಕ ಬಿದ್ದರೆ ಚೀಟಿ ಪಾರ್ಸೆಲ್ ಜೊತೆಗೇ ಬರುತ್ತದೆ, ಅಂಚೆಯಣ್ಣನಿಗೆ ಕೊಟ್ಟು ಬಿಡಿಸಿಕೊಳ್ಳುತ್ತೇನೆ. ಸುಂಕವನ್ನು ನಮ್ಮ ಪರವಾಗಿ ಮೊದಲೇ ಕಟ್ಟಿದ್ದಕ್ಕೆ ಕೊರಿಯರ್‌ನವರು ಹಾಕುವ ಶುಲ್ಕ ಇಲ್ಲಿ ಇರುವುದಿಲ್ಲ. ಪುಸ್ತಕ ತರಿಸುವವರು ಅದನ್ನು ಬೇರೆ ಸಾಲಿನಲ್ಲಿ ಬರೆಯಿಸಿ. ಮುದ್ರಿತ ಪುಸ್ತಕಕ್ಕೆ 2019ರಿಂದ ಮೂಲ ಸುಂಕ ಶೇ 5, ಐಜಿಎಸ್‌ಟಿ ಇಲ್ಲ. ಕಿಟ್ ಜೊತೆ ಸೇರಿಸಿ ಒಂದೇ ಬೆಲೆ ಬರೆದರೆ ಪುಸ್ತಕಕ್ಕೂ ಕಿಟ್‌ನ ದರ ಬೀಳುತ್ತದೆ.

100 ವರ್ಷ ದಾಟಿದ್ದನ್ನು ತರಿಸುವಾಗ ಯೋಚಿಸಿ. ಒಮ್ಮೆ ಒಳಗೆ ಬಂದರೆ ಅದು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ನಕಲಿ ಅನ್ನಿಸಿತು, ವಾಪಸ್ ಕಳಿಸುತ್ತೇನೆ ಅಂದರೂ ಸುಲಭವಾಗಿ ಹೊರಗೆ ಹೋಗುವುದಿಲ್ಲ.

ಭಟ್ಕಳ_ಗಡಿಯಾರ

ನಮ್ಮ ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿರುತ್ತಾರೆ. ಬರುವಾಗ ತರಲು ಹೇಳಿ. ವಿಮಾನದಲ್ಲಿ ಬರುವ ಭಾರತೀಯರಿಗೆ ಸುಂಕವಿಲ್ಲದೆ ತರಬಹುದಾದ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು, 2026ರ ಫೆಬ್ರವರಿಯಿಂದ 75,000 ಆಗಿದೆ. ಮಿತಿ ದಾಟಿದರೆ ಜಾಸ್ತಿ ಆದ ಭಾಗಕ್ಕೆ ಮಾತ್ರ ಸುಂಕ. ಆದರೆ ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ದುಬಾರಿ ವಸ್ತುವಿಗೆ ಹಾಕುವಂತಿಲ್ಲ. ಬಿಲ್ ಕೈಯಲ್ಲಿರಲಿ.

ಕುಮಟಾ_ಶಂಖ

ಚಿಪ್ಪು, ಶಂಖ ಕೂಡಿಡುವವರು ದಯವಿಟ್ಟು ಇದನ್ನು ಓದಿ. ನಮಗೆ ಸುಂಕಕ್ಕಿಂತ ದೊಡ್ಡ ವಿಷಯ ಪರವಾನಗಿ. ನಾಟಿಲಸ್ ಚಿಪ್ಪು 2017ರಿಂದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ದೈತ್ಯ ಕಪ್ಪೆಚಿಪ್ಪೂ ಅದೇ ಪಟ್ಟಿಯಲ್ಲಿ ಬಂದಿದೆ, ಗಟ್ಟಿ ಹವಳಗಳೂ ಅಷ್ಟೇ. ಕಳಿಸುವ ದೇಶದ ಪರವಾನಗಿ ಇಲ್ಲದೆ ಬಂದರೆ ತೆರಿಗೆ ಕಟ್ಟಿ ಬಿಡಿಸಿಕೊಳ್ಳುವ ಮಾತೇ ಇಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆಯೂ ಇದೆ. ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ಹೇಗೂ ಆ ಜೀವಿಗಳು ಕಡಲಲ್ಲೇ ಇರಲಿ ಅನ್ನುವುದು ನನ್ನ ಮನಸ್ಸು.

ಕೋಡಿಬಾಗ_ಹಡಗು

ಎಲ್ಲರಿಗೂ ತುಂಬಾ ಧನ್ಯವಾದ. ಬಿಲ್ ಆಫ್ ಎಂಟ್ರಿ ತರಿಸಿಕೊಂಡೆ. ಹಾಯಿಯವರು ಹೇಳಿದ ಹಾಗೇ ಇತ್ತು: 9503, ಸಾಗಣೆ ಪೂರ್ತಿ 2,400. ಸ್ವಂತ ಬಳಕೆ, ಒಂದೇ ಕಿಟ್, ದಯವಿಟ್ಟು 9804ರಲ್ಲಿ ಪರಿಗಣಿಸಿ, 10ನೇ ನಿಯಮದಂತೆ ಸಾಗಣೆಯನ್ನು ಶೇ 20ಕ್ಕೆ ಮಿತಿಗೊಳಿಸಿ ಎಂದು ಬರೆದೆ. ಡಬ್ಬದ ಚಿತ್ರ, ಕಾರ್ಡ್‌ನಲ್ಲಿ ದುಡ್ಡು ಕೊಟ್ಟ ರಸೀದಿ, ಆಧಾರ್ ಪ್ರತಿ ಲಗತ್ತಿಸಿದೆ. ಮೊದಲು ‘ಸಿಸ್ಟಮ್‌ನಲ್ಲಿ ಬಂದದ್ದೇ ಅಂತಿಮ’ ಎಂದರು. ಇನ್ನೊಮ್ಮೆ ಬರೆದ ಮೇಲೆ ಅಧಿಕಾರಿಗೆ ಕಳಿಸಿದರು. ಎರಡೂ ಒಪ್ಪಿಗೆಯಾಯಿತು. ಕೊರಿಯರ್ ಶುಲ್ಕ ಸೇರಿಸಿಯೂ ಮೊದಲು ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಕಟ್ಟಿದೆ. ಪಾರ್ಸೆಲ್ ಮುಂಬೈ ಬಿಟ್ಟಿದೆ.

ಇನ್ನೊಂದು ಕೇಳಬೇಕು. ಇದಕ್ಕೆ ಬೇಕಾದ ಬೂದು ಬಣ್ಣದ ಲ್ಯಾಕರ್ ಬಾಟಲಿಗಳನ್ನೂ ಅದೇ ಅಂಗಡಿಯಿಂದ ತರಿಸಬಹುದಾ?

ಯಲ್ಲಾಪುರ_ರೈಲು

ಬೇಡ. ಲ್ಯಾಕರ್, ಎನಾಮೆಲ್, ತೆಳು ಮಾಡುವ ದ್ರಾವಣ ಎಲ್ಲ ಬೆಂಕಿ ಹಿಡಿಯುವಂಥವು, ವಿಮಾನದ ಅಂಚೆಯಲ್ಲಿ ಹಾಕುವಂತಿಲ್ಲ. ಕಿಟ್ ಜೊತೆ ಇಟ್ಟರೆ ಕಿಟ್ ಕೂಡ ಅಲ್ಲೇ ನಿಲ್ಲುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಬೆಂಗಳೂರಿನ ಹಾಬಿ ಅಂಗಡಿಗಳಲ್ಲಿ ಸಿಗುತ್ತದೆ, ಅಲ್ಲಿಂದ ಕಾರವಾರಕ್ಕೆ ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಿ. ಹಡಗಿನ ಬೂದು ಬಣ್ಣಕ್ಕೆ ಯಾವ ನಂಬರ್ ಹೊಂದುತ್ತದೆ ಎಂದು ಬೇಕಾದರೆ ಕಿಟ್‌ನ ಹೆಸರು ಹಾಕಿ, ನೋಡಿ ಹೇಳುತ್ತೇನೆ.