115 ‘ಪ್ರಕರಣ’ವೋ, 115 ‘ಆರೋಪ’ವೋ?

ಪ್ರಶ್ನೆ: ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿ ಕುರಿತ ಬರಹಗಳಲ್ಲಿ ‘115 ಪ್ರಕರಣ’, ‘ಹಣಕಾಸು ಹಗರಣ’, ‘ಆರೋಪಿ ಕ್ಲಬ್’, ‘ಬಾಕಿ ಆರೋಪ’ ಎಂದೆಲ್ಲ ಬರೆಯಬಹುದೆ? ತೀರ್ಪಿಗೆ ಮೊದಲು ಯಾವ ಪದ ಒಪ್ಪುತ್ತದೆ?

ಉತ್ತರ: ‘115 ಪ್ರಕರಣ’ ತಪ್ಪು. ಪ್ರಕರಣ ಒಂದೇ, 2023ರ ಫೆಬ್ರುವರಿ 6ರಂದು ಅಲ್ಲಿನ ಅಗ್ರ ಟೂರ್ನಿ ನಡೆಸುವ ಪ್ರೀಮಿಯರ್ ಲೀಗ್ ಸ್ವತಂತ್ರ ಆಯೋಗಕ್ಕೆ ಒಪ್ಪಿಸಿದ್ದು. ಅದರೊಳಗಿನ ಆರೋಪಗಳು ಹಲವು. ಈ 115 ಕೂಡ ಲೀಗ್ ಕೊಟ್ಟ ಅಂಕಿಯಲ್ಲ. ಯಾವ ಋತುವಿನಲ್ಲಿ (ಟೂರ್ನಿಯ ವರ್ಷದಲ್ಲಿ) ಯಾವ ನಿಯಮ ಮುರಿದದ್ದು ಎಂದು ಅದು ಹಾಕಿದ ಪಟ್ಟಿಯನ್ನು ಪತ್ರಕರ್ತರು ಎಣಿಸಿ ತೆಗೆದದ್ದು. ಬೇರೆ ಬಗೆಯಲ್ಲಿ ಎಣಿಸಿದವರಿಗೆ 130 ಸಿಕ್ಕಿದೆ. ಹಾಗಾಗಿ ‘ನೂರಕ್ಕೂ ಹೆಚ್ಚು ಆರೋಪ’ ಎಂದರೆ ಕ್ಷೇಮ.

‘115 ಹಣಕಾಸು ಆರೋಪ’ ಎಂಬುದೂ ನಿಲ್ಲುವುದಿಲ್ಲ. ಪ್ರಚಲಿತ ಎಣಿಕೆಯಲ್ಲಿ 54 ಲೆಕ್ಕಪತ್ರದ ನಿಖರ ಮಾಹಿತಿ ಕೊಡದ್ದಕ್ಕೆ, 14 ಆಟಗಾರರು ಮತ್ತು ಮ್ಯಾನೇಜರ್ ಸಂಭಾವನೆಯ ವಿವರಕ್ಕೆ, 5 ಯುರೋಪಿನ ಫುಟ್ಬಾಲ್ ಒಕ್ಕೂಟವಾದ ಯುಇಎಫ್‌ಎ ನಿಯಮಗಳಿಗೆ, 7 ಲೀಗಿನದೇ ಲಾಭ-ನಷ್ಟದ ಮಿತಿಗೆ ಸಂಬಂಧಿಸಿದವು. ಮಿಕ್ಕ 35 ತನಿಖೆಗೆ ಸಹಕರಿಸದಿದ್ದುದಕ್ಕೆ. ಇನ್ನು ಸಂಖ್ಯೆಯಿಂದ ಗಂಭೀರತೆ ಅಳೆಯುವ ತಲೆಬರಹಗಳು ದಾರಿ ತಪ್ಪಿಸುತ್ತವೆ: ಎವರ್ಟನ್ ಎಂಬ ಇನ್ನೊಂದು ಕ್ಲಬ್ಬಿನ ಮೇಲಿದ್ದದ್ದು ಒಂದೇ ಆರೋಪ, ಆದರೂ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಯಿತು (ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು).

‘ಆರೋಪಿ’ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಬರುವುದು ಪೊಲೀಸು, ಚಾರ್ಜ್‌ಶೀಟು, ಜಾಮೀನು. ಇದು ಕ್ರಿಮಿನಲ್ ಮೊಕದ್ದಮೆಯಲ್ಲ, ಸದಸ್ಯ ಕ್ಲಬ್ಬಿನ ಮೇಲೆ ಲೀಗ್ ಹೂಡಿದ ಶಿಸ್ತು ವಿಚಾರಣೆ. ಸಾಕ್ಷ್ಯ ಯಾರ ಕಡೆ ಹೆಚ್ಚು ತೂಗುತ್ತದೆ ಎಂದು ನೋಡುತ್ತಾರೆಯೇ ಹೊರತು ಸಂಶಯಾತೀತ ರುಜುವಾತು ಕೇಳುವುದಿಲ್ಲ. ನಮ್ಮ ಇಲಾಖಾ ವಿಚಾರಣೆಗೆ ಹತ್ತಿರ. ಆ ಕಡತಗಳ ‘ಆಪಾದಿತ ಸರ್ಕಾರಿ ನೌಕರ’ನ ಹಾಗೆ ‘ಆಪಾದಿತ ಕ್ಲಬ್’ ಎನ್ನಬಹುದು. ಸ್ವಲ್ಪ ಕಚೇರಿ ವಾಸನೆ ಇದೆ, ನಿಜ. ಆದರೆ ಅರ್ಥ ಸರಿ. ‘ಹಗರಣ’ ಬೇಡವೇ ಬೇಡ, ಅದು ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತದೆ.

‘ಕ್ಲೀನ್ ಚಿಟ್’ ಅದರ ತಿರುವುಮುರುವು. ಯುಇಎಫ್‌ಎ 2020ರ ಫೆಬ್ರುವರಿಯಲ್ಲಿ ಬೇರೊಂದು ಪ್ರಕರಣದಲ್ಲಿ ಸಿಟಿಗೆ ಯುರೋಪಿಯನ್ ಟೂರ್ನಿಗಳಿಂದ ಎರಡು ಋತುಗಳ ನಿಷೇಧ, 3 ಕೋಟಿ ಯೂರೊ ದಂಡ ಹಾಕಿತ್ತು. ಜುಲೈನಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ನಿಷೇಧ ತೆಗೆಯಿತು, ಆದರೆ ಅಸಹಕಾರಕ್ಕೆ 1 ಕೋಟಿ ಯೂರೊ ದಂಡ ಉಳಿಸಿತು. ಬಹುಪಾಲು ಆರೋಪಗಳು ಒಂದೋ ಸಾಬೀತಾಗಿರಲಿಲ್ಲ, ಇಲ್ಲವೇ ಕಾಲಮಿತಿ ಮೀರಿದ್ದವು. ಈ ಎರಡಕ್ಕೂ ‘ಖುಲಾಸೆ’ ಎಂದು ಒಂದೇ ಮುದ್ರೆ ಒತ್ತಬಾರದು.

ಇನ್ನೊಂದು ಮಾತು: ‘ಬಾಕಿ ಆರ್ಥಿಕ ಆರೋಪ’ ಎಂದು ಓದಿದವರು ಕ್ಲಬ್ ದುಡ್ಡು ಕೊಡದೆ ಬಾಕಿ ಉಳಿಸಿಕೊಂಡಿದೆ ಅಂದುಕೊಳ್ಳುತ್ತಾರೆ. ‘ಇತ್ಯರ್ಥವಾಗದ’ ಎನ್ನಿ. ಒಂದು ಮಾದರಿ: ‘2009–10ರಿಂದ 2017–18ರವರೆಗಿನ ಲೆಕ್ಕಪತ್ರಗಳ ಬಗ್ಗೆ ಲೀಗ್ ಆರೋಪ ಹೊರಿಸಿದೆ, ಕ್ಲಬ್ ಅಲ್ಲಗಳೆದಿದೆ, ವಿಚಾರಣೆ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಗೋಪ್ಯವಾಗಿ ನಡೆಯಿತು.’ ‘ಅಲ್ಲಗಳೆದಿದೆ’ ಎಂಬುದು ವರದಿಯ ಕೊನೆಯ ಪ್ಯಾರಾಕ್ಕೆ ಜಾರದಿರಲಿ, ಪುಟ ಕಟ್ಟುವಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ.