ನಲವತ್ತು ದನಿಗಳ ಗಾಯನ, ಐವರು ನರ್ತಕರು: ಇಲ್ಲಿ ಸಮ ಎಲ್ಲಿದೆ?

ಲಯಾಸಕ್ತೆ, ಬಸವನಗುಡಿ:
ಬಹುಕಾಲ ಭರತನಾಟ್ಯ ಅಭ್ಯಾಸ ಮಾಡಿ ಈಚೆಗೆ ಸಮಕಾಲೀನ ನೃತ್ಯದತ್ತ ಹೊರಳಿದವಳು ನಾನು. ಇಂಗ್ಲೆಂಡಿನ ಥಾಮಸ್ ಟಾಲಿಸ್ 1570ರ ಸುಮಾರಿಗೆ ರಚಿಸಿದ ‘ಸ್ಪೆಮ್ ಇನ್ ಏಲಿಯಮ್’ ಎಂಬ ಲ್ಯಾಟಿನ್ ಪ್ರಾರ್ಥನಾಗೀತೆಗೆ ಐವರು ನರ್ತಕರೊಂದಿಗೆ ಹತ್ತು ನಿಮಿಷದ ಪ್ರಯೋಗವೊಂದನ್ನು ಕಟ್ಟುತ್ತಿದ್ದೇನೆ. ಐದೈದು ದನಿಗಳ ಎಂಟು ವೃಂದಗಳು, ಒಟ್ಟು ನಲವತ್ತು ದನಿಗಳು, ಪ್ರತಿಯೊಂದಕ್ಕೂ ಅದರದೇ ಸಾಲು. ಮೃದಂಗವಿಲ್ಲ, ತಾಳ ಹಾಕಿ ನೃತ್ಯವನ್ನು ನಡೆಸುವ ನಟ್ಟುವಾಂಗವಿಲ್ಲ, ತಾಳದ ಒಂದು ಸುತ್ತು, ಅಂದರೆ ಆವರ್ತ, ತುಂಬಿ ಅದರ ಮೊದಲ ಪೆಟ್ಟಾದ ಸಮಕ್ಕೆ ಬಂದೆವೆಂಬ ನೆಮ್ಮದಿ ಎಲ್ಲಿಯೂ ಸಿಗುತ್ತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದನಿಯನ್ನು ಹಂಚಿ ನೋಡಿದೆ. ಸಂಗೀತದ ನಕ್ಷೆಯನ್ನು ಕೈಕಾಲುಗಳಲ್ಲಿ ಬರೆದಂತಾಯಿತೇ ಹೊರತು ನೃತ್ಯವಾಗಲಿಲ್ಲ. ಸಾಹಿತ್ಯವನ್ನು ಹಿಡಿದು ಅಭಿನಯಕ್ಕೆ ಇಳಿಯಬಹುದೇ?

ಮಂದ್ರಸ್ಥಾಯಿ, ಫ್ರೇಜರ್ ಟೌನ್:
ಚರ್ಚಿನ ಗಾಯನವೃಂದದಲ್ಲಿ ಕೆಳಗಿನ ದನಿಯನ್ನು ಹಾಡುವವನು ನಾನು. ಆ ಕಾಲದ ಗಾಯಕರ ಮುಂದೆ ಸಾಮಾನ್ಯವಾಗಿ ಅವರವರ ದನಿಯ ಸಾಲು ಮಾತ್ರ ಇರುತ್ತಿತ್ತು, ಅದರಲ್ಲಿ ತಾಳವಿಭಾಗದ ಗೆರೆಗಳೂ ಇರಲಿಲ್ಲ. ಅವರನ್ನು ಒಟ್ಟಿಗೆ ನಡೆಸುತ್ತಿದ್ದುದು ‘ಟ್ಯಾಕ್ಟಸ್’, ಅಂದರೆ ಕೈಯನ್ನು ಒಂದೇ ಹದದಲ್ಲಿ ಇಳಿಸಿ ಎತ್ತುವ ಕ್ರಮ. ಅದು ಎಣಿಕೆಯನ್ನು ಕೊಡುತ್ತದೆ, ಆವರ್ತವನ್ನು ಕೊಡುವುದಿಲ್ಲ. ಆದ್ದರಿಂದ ನೀವು ಹುಡುಕುತ್ತಿರುವ ಸಮ ಅಲ್ಲಿ ಇಲ್ಲವೇ ಇಲ್ಲ.

ಅದರ ಬದಲು ಹಿಡಿದ ಸ್ವರಗಳನ್ನು ಗಮನಿಸಿ. ಒಂದು ದನಿ ತನ್ನ ಸ್ವರದಲ್ಲೇ ನಿಂತಿರುವಾಗ ಇನ್ನೊಂದು ಸರಿಯುತ್ತದೆ. ಆವರೆಗೆ ಹಿತವಾಗಿದ್ದ ಅದೇ ಸ್ವರ ತಾನು ಕದಲದೆಯೇ ಒಡಕಾಗಿ ಕೇಳಿಸತೊಡಗಿ, ಒಂದು ಮೆಟ್ಟಿಲು ಕೆಳಗಿಳಿದ ಮೇಲಷ್ಟೇ ಮತ್ತೆ ಹೊಂದಿಕೊಳ್ಳುತ್ತದೆ. ಹಾಡುವಾಗ ಆ ಒತ್ತಡ ನನ್ನ ಎದೆಗೇ ತಾಗುತ್ತದೆ.

ಅಂಗಿಕ, ಜಯನಗರ:
ಮೇಲಿನ ಮಾತಿನಲ್ಲೇ ನಿಮ್ಮ ನೃತ್ಯದ ಬೀಜವಿದೆ ಎಂದು ನನಗೆ ಅನಿಸುತ್ತದೆ. ಇಬ್ಬರು ಪರಸ್ಪರ ಭಾರ ಕೊಟ್ಟು ನಿಲ್ಲಲಿ. ಒಬ್ಬರು ಸರಿದಾಗ ಇನ್ನೊಬ್ಬರ ನಿಲುವು ಬದಲಾಗದೆಯೇ ಆಯ ತಪ್ಪುತ್ತದೆ, ಕೊನೆಗೆ ಮಂಡಿ ಮಣಿದು ಹೊಸ ನೆಲೆ ಕಾಣುತ್ತದೆ. ಒಂದೊಂದು ಸ್ವರವನ್ನೂ ಹಿಂಬಾಲಿಸುವ ಹಂಗು ಆಗ ಇರುವುದಿಲ್ಲ. ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ದ ಕೀರ್ಸ್‌ಮೇಕರ್ 2011ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ನಸುಕಿನ ಹೊತ್ತಿಗೆ ಪ್ರದರ್ಶಿಸಿದ ‘ಚೆಸೇನಾ’ದಲ್ಲಿ (ಅದರ ಸಂಗೀತ ಇನ್ನೂ ಹಿಂದಿನದು, ಹದಿನಾಲ್ಕನೆಯ ಶತಮಾನದ್ದು) ಗಾಯಕರು ಕುಣಿದರು, ನರ್ತಕರು ಹಾಡಿದರು. ನಿಮ್ಮ ಐವರೂ ಒಂದೊಂದು ಸಾಲನ್ನು ಹಾಡಲು ಕಲಿಯಲಿ, ರಂಗದ ಮೇಲೆ ಹಾಡದಿದ್ದರೂ ಚಿಂತೆಯಿಲ್ಲ. ಉಸಿರು ಎಲ್ಲಿ ಮುಗಿಯುತ್ತದೆಂದು ಮೈಗೆ ತಿಳಿಯುತ್ತದೆ.

ಪದಪದಕ್ಕೂ ಹಸ್ತಮುದ್ರೆ ಬೇಡ. ಹಾಗೆಂದು ಸಾಹಿತ್ಯವನ್ನು ಪೂರ್ತಿ ಬಿಟ್ಟುಬಿಡುವುದನ್ನೂ ನಾನು ಒಪ್ಪಲಾರೆ. ಇದು ದೇವರಲ್ಲಿ ಮೊರೆಯಿಡುವ ಕೃತಿ.

ಮಂದ್ರಸ್ಥಾಯಿ, ಫ್ರೇಜರ್ ಟೌನ್:
ಒಪ್ಪಿದೆ. ಕೊನೆಯ ಭಾಗದಲ್ಲಿ ಎಲ್ಲ ದನಿಗಳೂ ಒಮ್ಮೆಲೇ ನಿಂತು, ಆ ಮೌನದ ಬಳಿಕ ನಲವತ್ತೂ ಕೂಡಿ ‘ರೆಸ್ಪಿಚೆ’ ಎನ್ನುತ್ತವೆ: ನಮ್ಮ ದೈನ್ಯವನ್ನು ನೋಡು ಎಂಬ ಬೇಡಿಕೆ. ಆ ಮೌನವನ್ನು ಚಲನೆಯಿಂದ ತುಂಬಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಲಯಾಸಕ್ತೆ, ಬಸವನಗುಡಿ:
ಇಬ್ಬರಿಗೂ ಕೃತಜ್ಞಳು. ನಿನ್ನೆಯ ಅಭ್ಯಾಸದಲ್ಲಿ ಹಂಚಿಕೊಟ್ಟಿದ್ದ ದನಿಗಳನ್ನೆಲ್ಲ ಕೈಬಿಟ್ಟು, ಭಾರ ಕೊಟ್ಟು ನಿಲ್ಲುವುದನ್ನಷ್ಟೇ ಒಂದು ಗಂಟೆ ಮಾಡಿದೆವು. ‘ರೆಸ್ಪಿಚೆ’ಗೆ ಮುನ್ನ ಐವರೂ ನಿಂತೆವು, ಕೂಡಿಯೇ ಉಸಿರೆಳೆದುಕೊಂಡೆವು, ಯಾರೂ ಎಣಿಸಿರಲಿಲ್ಲ.