ಸರ್ಕಾರಿ ಶಾಲೆಯಲ್ಲಿ ಯೂನಿಫಾರ್ಮ್ ಕಡ್ಡಾಯ ಇರಬೇಕಾ?

ರೇಖಾ, ಗದಗ: ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಬ್ಬರು ಹೇಳಿದರು, ಯೂನಿಫಾರ್ಮ್ ಹಾಕದೆ ಬಂದ ಮಕ್ಕಳನ್ನು ಪ್ರಾರ್ಥನೆ ಹೊತ್ತಿಗೆ ಸಾಲಿನಿಂದ ಹೊರಗೆ ನಿಲ್ಲಿಸಬೇಕು ಅಂತ. ನಾನು ಒಪ್ಪಲಿಲ್ಲ. ಕೂಲಿ ಮಾಡುವವರ ಮಕ್ಕಳೇ ಜಾಸ್ತಿ ಇರುವ ಶಾಲೆಗೆ ಈ ಕಡ್ಡಾಯ ಬೇಕೇ ಬೇಕಾ? ನಿಮಗೆ ಏನನ್ನಿಸುತ್ತದೆ ಹೇಳಿ.

ಕೊಪ್ಪಳದ ಮೇಷ್ಟ್ರು: ಬೇಕು ಮೇಡಂ. ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಬರಬಹುದು ಅಂತ ಬಿಟ್ಟಿದ್ದೆವು. ಕೆಲವು ಮಕ್ಕಳು ಆ ದಿನ ಶಾಲೆಗೇ ಬರುತ್ತಿರಲಿಲ್ಲ. ಹೊಸ ಬಟ್ಟೆ ಇಲ್ಲ ಅಂತ ಮನೆಯಲ್ಲೇ ಕೂರುತ್ತಿದ್ದರು. ಒಂದು ದಿನಕ್ಕೇ ಹೀಗಾದರೆ ವರ್ಷವಿಡೀ ಬಣ್ಣದ ಬಟ್ಟೆ ಅಂದರೆ ಏನಾಗುತ್ತದೆ ಯೋಚಿಸಿ. ಯೂನಿಫಾರ್ಮ್ ಬಡ ಮಗುವಿನ ಪರವಾಗಿಯೇ ಇದೆ.

ನಾಗರಾಜ್ ಟೈಲರ್: ಮೇಷ್ಟ್ರೇ, ಯೂನಿಫಾರ್ಮ್ ಇರಲಿ. ಆದರೆ ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರ ಕೊಡುವುದು ಬಟ್ಟೆ ಪೀಸು. ಹೊಲಿಗೆ ಮಜೂರಿ ತಂದೆತಾಯಿಯದು. ನಮ್ಮ ಕಡೆ ಅಂಗಿ-ಚಡ್ಡಿ ಒಂದು ಜೊತೆಗೆ 350 ರೂಪಾಯಿ ಆಗುತ್ತದೆ. ಹೈಸ್ಕೂಲ್ ಹೆಣ್ಣುಮಕ್ಕಳ ಚೂಡಿದಾರ್ ಆದರೆ ಇನ್ನೂ ಜಾಸ್ತಿ. ಮನೆಯಲ್ಲಿ ಮೂವರು ಮಕ್ಕಳಿದ್ದರೆ ಲೆಕ್ಕ ಹಾಕಿಕೊಳ್ಳಿ. ಚಡ್ಡಿಯ ಕೆಳಗೆ ಎರಡು ಇಂಚು ಬಟ್ಟೆ ಒಳಗೆ ಮಡಚಿ ಬಿಟ್ಟಿರುತ್ತೇನೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲಿ ಅಂತ. ಎತ್ತರದ ಹುಡುಗರಿಗೆ ಪೀಸೇ ಸಾಲುವುದಿಲ್ಲ, ಮಡಿಕೆ ಎಲ್ಲಿಂದ ಬಿಡಲಿ? ಪೀಸು ತಡವಾಗಿ ಬಂದ ವರ್ಷ ಎಲ್ಲರೂ ಒಟ್ಟಿಗೇ ತಂದು ಹಾಕುತ್ತಾರೆ. ಹಗಲೂ ರಾತ್ರಿ ಹೊಲಿದರೂ ಮುಗಿಯುವುದಿಲ್ಲ. ಆ ಹೊತ್ತಿಗೆ ಯಾರ ಮಗುವಿಗಾದರೂ ಶಿಕ್ಷೆ ಕೊಟ್ಟರೆ ತಪ್ಪು ಯಾರದು?

ಶ್ರೀಧರ, ಮೈಸೂರು: ಇದೇ ಮುಖ್ಯ ವಿಷಯ. ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದ ನಿಯಮದಲ್ಲಿ ಒಂದು ಮಗುವಿಗೆ ವರ್ಷಕ್ಕೆ ಎರಡು ಜೊತೆಗೆ ಇಟ್ಟಿರುವುದೇ 600 ರೂಪಾಯಿ. ನಾಗರಾಜಣ್ಣ ಹೇಳಿದ ಮಜೂರಿ ನೋಡಿದರೆ ಅದು ಎರಡು ಜೊತೆಯ ಹೊಲಿಗೆಗೂ ಸಾಲುವುದಿಲ್ಲ. ಇನ್ನೊಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇಡೀ ಶಾಲೆಯ ಎದುರು ಮಗುವನ್ನು ಬೇರೆ ನಿಲ್ಲಿಸುವುದು ಮತ್ತೇನು? ರೇಖಾ ಅವರೇ, ಸಭೆಯಲ್ಲಿ ಇದನ್ನು ಖಂಡಿತ ಹೇಳಿ.

ವಿನಯ್, ಕ್ಯಾಲಿಫೋರ್ನಿಯಾ: ಇಲ್ಲಿನ ಲಾಂಗ್ ಬೀಚ್‌ನಲ್ಲಿ 1994ರಲ್ಲಿ ಪಬ್ಲಿಕ್ ಶಾಲೆಗಳಿಗೆ ಯೂನಿಫಾರ್ಮ್ ಕಡ್ಡಾಯ ಮಾಡಿದರು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೂಡ ಯೂನಿಫಾರ್ಮ್ ಪರ ಮಾತಾಡಿದರು. ಆದರೆ ಕ್ಯಾಲಿಫೋರ್ನಿಯಾದ ಕಾನೂನಲ್ಲಿ ಷರತ್ತುಗಳಿವೆ. ತಂದೆತಾಯಿಗೆ ಆರು ತಿಂಗಳು ಮೊದಲೇ ತಿಳಿಸಬೇಕು. ಬಡವರಿಗೆ ನೆರವು ಕೊಡಬೇಕು. ಬೇಡ ಅನ್ನುವ ಪೋಷಕರಿಗೆ ವಿನಾಯಿತಿ ಕೊಡಬೇಕು. ಅದಕ್ಕಾಗಿ ಮಗುವಿಗೆ ತೊಂದರೆ ಕೊಡುವ ಹಾಗಿಲ್ಲ.

ಕೊಪ್ಪಳದ ಮೇಷ್ಟ್ರು: ನಮ್ಮಲ್ಲೂ ನಿಯಮ ಇಲ್ಲದೇ ಇಲ್ಲ ವಿನಯ್. ಕರ್ನಾಟಕದ ಶಿಕ್ಷಣ ಸಂಸ್ಥೆಗಳ 1995ರ ನಿಯಮದ ಪ್ರಕಾರ ಒಮ್ಮೆ ನಿಗದಿ ಮಾಡಿದ ಯೂನಿಫಾರ್ಮನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮುಂಚೆ ನೋಟಿಸ್ ಕೊಡಬೇಕು. ಆದರೆ ಬೇಡ ಅಂದವರಿಗೆಲ್ಲ ವಿನಾಯಿತಿ ಕೊಟ್ಟರೆ ಅದು ಯೂನಿಫಾರ್ಮ್ ಹೇಗಾಗುತ್ತದೆ?

ಆಯಿಷಾ, ಉಡುಪಿ: ಎಲ್ಲರಿಗೂ ಅಲ್ಲ ಸರ್. ಯೂನಿಫಾರ್ಮ್ ಹಾಕಿಕೊಂಡೇ ಅದೇ ಬಣ್ಣದ ಶಾಲು ತಲೆಗೆ ಹೊದ್ದುಕೊಳ್ಳುತ್ತೇವೆ ಅಂದವರಿಗೂ 2022ರಲ್ಲಿ ಜಾಗ ಸಿಗಲಿಲ್ಲ. ನಿಗದಿಯಾದ ಯೂನಿಫಾರ್ಮನ್ನೇ ಹಾಕಬೇಕು ಅಂತ ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ ಬಂತು, ಮಾರ್ಚ್ 15ಕ್ಕೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಶಾಲಾ ವರ್ಷದ ನಡುವೆ, ಪರೀಕ್ಷೆ ಹತ್ತಿರ ಇರುವಾಗ! ಕೆಲವು ಹುಡುಗಿಯರು ಪರೀಕ್ಷೆ ಬಿಟ್ಟರು. ಅವರ ಓದು ನಿಂತದ್ದಕ್ಕೆ ಸಮಾನತೆ ಅನ್ನೋಣವಾ?

ಪ್ರಕಾಶ್, ಶಿವಮೊಗ್ಗ: ಒಬ್ಬರಿಗೆ ಶಾಲು ಬಿಟ್ಟರೆ ಇನ್ನೊಬ್ಬರು ಕೇಸರಿ ಶಾಲು ಹಾಕಿ ಬರುತ್ತಾರೆ. ಆಗ ಬಂದಿದ್ದರು ಕೂಡ. ಕ್ಲಾಸಿನಲ್ಲಿ ಜಾತಿ, ಧರ್ಮ ಕಾಣಬಾರದು. ನಿಯಮ ಅಂದರೆ ಎಲ್ಲರಿಗೂ ಒಂದೇ ಇರಬೇಕು ಅಲ್ವಾ?

ಆಯಿಷಾ, ಉಡುಪಿ: ಕುಂಕುಮ, ಬಳೆ, ಪೇಟ ಕಾಣಿಸಿದರೆ ಯಾರಿಗೂ ತೊಂದರೆ ಆಗಿಲ್ಲ ಪ್ರಕಾಶಣ್ಣ. ಜಗಳಕ್ಕೆ ಅಂತ ತಂದ ಶಾಲೂ, ದಿನಾ ಹಾಕುವ ಬಟ್ಟೆಯೂ ಒಂದೇನಾ?

ಶ್ರೀಧರ, ಮೈಸೂರು: ಇದೇ ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳೇ 2022ರ ಅಕ್ಟೋಬರ್ 13ರಂದು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾ. ಸುಧಾಂಶು ಧುಲಿಯಾ ಹೆಣ್ಣುಮಗುವಿನ ಓದೇ ತಮಗೆ ಮುಖ್ಯ ಅಂದರು. ನಾನು ಧುಲಿಯಾ ಅವರ ಕಡೆ. ಯೂನಿಫಾರ್ಮ್ ಇರುವುದು ಮಗು ಶಾಲೆಗೆ ಬರಲಿ ಅಂತ. ಅದೇ ಗೇಟಿನಲ್ಲಿ ತಡೆಯುವ ಕಾರಣ ಆಗಬಾರದು.

ಪ್ರಕಾಶ್, ಶಿವಮೊಗ್ಗ: ನನಗೆ ಒಪ್ಪಿಗೆ ಇಲ್ಲ. ಆದರೆ ಬಟ್ಟೆ ಹೊಲಿಸಲು ಆಗದವರನ್ನು ನಿಲ್ಲಿಸಬಾರದು, ಅದು ಸರಿ.

ರೇಖಾ, ಗದಗ: ಮುಂದಿನ ಸಭೆಗೆ ಮೂರು ಮಾತು ಬರೆದುಕೊಂಡಿದ್ದೇನೆ. ಸಾಲಿನಿಂದ ಹೊರಗೆ ನಿಲ್ಲಿಸುವುದು ಬೇಡ. ಏಳನೇ ತರಗತಿ ಮುಗಿಸಿ ಹೋಗುವವರ ಹಳೇ ಜೊತೆಗಳನ್ನು ಶಾಲೆಯಲ್ಲೇ ಕೂಡಿಡೋಣ. ಆಗದವರ ಮಜೂರಿಗೆ ಊರಲ್ಲಿ ದಾನಿಗಳನ್ನು ಕೇಳೋಣ.

ಕೊಪ್ಪಳದ ಮೇಷ್ಟ್ರು: ದಾನಿಗಳನ್ನು ಕೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಹೊಲಿದ ಬಟ್ಟೆಯನ್ನೇ ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಎಸ್‌ಡಿಎಂಸಿಯಿಂದ ಪತ್ರ ಬರೆಯಿರಿ. ಕಡ್ಡಾಯ ಮಾಡಿದವರೇ ಮಜೂರಿನೂ ಕೊಡಬೇಕು.

ನಾಗರಾಜ್ ಟೈಲರ್: ಹೊಲಿದು ಕೊಡುವುದಾದರೆ ಆಯಾ ಊರಿನ ಟೈಲರುಗಳಿಗೇ ಅಳತೆ ತಗೊಳ್ಳಲು ಹೇಳಿ ಅಂತಲೂ ಸೇರಿಸಿ ಅಕ್ಕ. ಎಲ್ಲೋ ಒಂದು ಕಡೆ ರಾಶಿ ಹೊಲಿದು ಕಳಿಸಿದರೆ ಯಾವ ಮಗುವಿಗೂ ಸರಿಯಾಗಿ ಕೂರುವುದಿಲ್ಲ.